ಸೀಮೆಸುಣ್ಣದ ಸೇವೆಯಲ್ಲಿ

ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದ ಉಕ್ಕಿನ ಅಟ್ಟಣೆಗಳು ಸದ್ದಿಲ್ಲದೆ ಕೆಳಕ್ಕಿಳಿಯುತ್ತಿವೆ ಎಂದು 1984ರಲ್ಲಿ ಗೊತ್ತಾದಾಗ ನಾನಿನ್ನೂ ಹುಟ್ಟಿರಲಿಲ್ಲ. ಆ ಮಟ್ಟಿಗೆ ನಾನು ನಿರಪರಾಧಿ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಯಾಕೆಂದರೆ ಆ ಕ್ಷೇತ್ರದ ವಿಷಯದಲ್ಲಿ ಆಮೇಲೆ ನಾನು ಕೈ ಹಾಕಿದ ಕಡೆಯೆಲ್ಲ ಏನಾದರೂ ಒಂದು ಕುಸಿದಿದೆ.

1969ರ ಕೊನೆಯಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು, 1971ರಲ್ಲಿ ತೆಗೆಯತೊಡಗಿದರು, ನಾರ್ವೆಯ ದೆಸೆ ತಿರುಗಿತು. ಎಣ್ಣೆ ಇದ್ದದ್ದು ಸಮುದ್ರತಳದಿಂದ ಸುಮಾರು ಮೂರು ಕಿಲೋಮೀಟರ್ ಕೆಳಗೆ, ಸೀಮೆಸುಣ್ಣದ ಕಲ್ಲಿನ ಒಳಗೆ. ಆರೇಳು ಕೋಟಿ ವರ್ಷಗಳ ಹಿಂದೆ ಸಮುದ್ರದಲ್ಲಿ ತೇಲಿಕೊಂಡಿದ್ದ, ಕಣ್ಣಿಗೆ ಕಾಣದ ಪಾಚಿಗಳ ಸುಣ್ಣದ ಕವಚಗಳು ತಳಕ್ಕೆ ಬಿದ್ದು ರಾಶಿಯಾಗಿ ಆದ ಕಲ್ಲು ಅದು. ಕಲ್ಲು ಎಂದು ಮರ್ಯಾದೆಗೆ ಹೇಳುವುದು, ಅಷ್ಟೆ. ಅದರಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಖಾಲಿ ಜಾಗ. ಎಣ್ಣೆ ಹೊರಬಂದಂತೆ ಒಳಗಿನ ಒತ್ತಡ ಇಳಿಯಿತು, ಮೇಲಿನ ಮಣ್ಣುಕಲ್ಲಿನ ಭಾರವೆಲ್ಲ ಈ ಬಡಪಾಯಿಯ ತಲೆ ಮೇಲೆ ಬಿತ್ತು, ಅದು ಅದುಮಿಕೊಂಡಿತು, ಸಮುದ್ರತಳವೂ ಜೊತೆಗೇ ತಗ್ಗಿತು. ಕೊನೆಗೆ 1987ರಲ್ಲಿ ಅಟ್ಟಣೆಗಳ ಕಾಲು ಕತ್ತರಿಸಿ, ಜ್ಯಾಕ್ ಕೊಟ್ಟು ಆರು ಮೀಟರ್ ಎತ್ತಿ, ಮಧ್ಯೆ ಉಕ್ಕಿನ ತುಂಡು ಸೇರಿಸಿ ಬೆಸುಗೆ ಹಾಕಿದರು. ಅದೇ ವರ್ಷ ಸಮುದ್ರದ ನೀರನ್ನು ದೊಡ್ಡ ಪ್ರಮಾಣದಲ್ಲಿ ಕೆಳಗೆ ನುಗ್ಗಿಸಲೂ ಶುರು ಮಾಡಿದರು. ಎಣ್ಣೆ ಯಾರೂ ನೆನೆಸದಷ್ಟು ಬಂತು. ಒತ್ತಡವೂ ಚೇತರಿಸಿಕೊಂಡಿತು. ಇನ್ನು ಕುಸಿತ ನಿಲ್ಲಬೇಕಲ್ಲವೇ? ನಿಲ್ಲಲಿಲ್ಲ. ಇವತ್ತಿಗೆ ಒಂಬತ್ತು ಮೀಟರಿಗೂ ಹೆಚ್ಚು ತಗ್ಗಿದೆ.

ಭಾರ ಇಳಿಸಿದ ಮೇಲೂ ಕಲ್ಲು ಕುಸಿಯುತ್ತಿದೆ ಎಂದರೆ ತಪ್ಪು ನೀರಿನದೇ ಇರಬೇಕು. ಒಣಗಿದಾಗ ಗಟ್ಟಿಯಾಗಿರುವ ಸೀಮೆಸುಣ್ಣ ನೀರು ಕುಡಿದರೆ ಕಾಫಿಗೆ ಅದ್ದಿದ ರಸ್ಕು. ಅದರಲ್ಲೂ ಸಮುದ್ರದ ನೀರಿನಲ್ಲಿ ಮ್ಯಾಗ್ನೀಸಿಯಂ ಇದೆ, ಸಲ್ಫೇಟ್ ಇದೆ. ಕೆಳಗೆ 130 ಡಿಗ್ರಿಯ ಆಸುಪಾಸಿನ ಬಿಸಿ. ಆ ಬಿಸಿಯಲ್ಲಿ ನೀರಿನ ಮ್ಯಾಗ್ನೀಸಿಯಂ ಕಲ್ಲಿನೊಳಗೆ ಸೇರಿಕೊಂಡು ಅಲ್ಲಿದ್ದ ಕ್ಯಾಲ್ಸಿಯಂ ಅನ್ನು ಹೊರಗೆ ತಳ್ಳುತ್ತದೆ. ಕ್ಯಾಲ್ಸೈಟ್ ಕರಗಿ ಆ ಜಾಗದಲ್ಲಿ ಮ್ಯಾಗ್ನೆಸೈಟ್ ಎಂಬ ಬೇರೆ ಖನಿಜ ಕೂರುತ್ತದೆ. ಹೊಸಬ ಹಳಬನಿಗಿಂತ ಸಾಂದ್ರ. ಸಣ್ಣ ಜಾಗದಲ್ಲೇ ಸಂಸಾರ ಮುಗಿಸುತ್ತಾನೆ. ಹಾಗಾಗಿ ಕಲ್ಲು ಇನ್ನಷ್ಟು ಅದುಮಿಕೊಳ್ಳಲು ಅನುಕೂಲ. ಇದೆಲ್ಲ ಹೇಗೆ, ಎಷ್ಟು ನಿಧಾನಕ್ಕೆ ನಡೆಯುತ್ತದೆ ಎಂದು ಸಮುದ್ರದಡಿಗೆ ಹೋಗಿ ಇಣುಕಿ ನೋಡಲಾಗುವುದಿಲ್ಲ. ಅದಕ್ಕೇ ಲ್ಯಾಬಿನಲ್ಲಿ ಅಂಥದೇ ಸೀಮೆಸುಣ್ಣದ ತುಂಡಿಗೆ ಅಷ್ಟೇ ಬಿಸಿ, ಅಷ್ಟೇ ಒತ್ತಡ ಕೊಟ್ಟು, ಉಪ್ಪುನೀರು ಹರಿಸುತ್ತ, ಬದಿಯಲ್ಲಿ ಒಬ್ಬ ಮನುಷ್ಯನನ್ನು ಕೂರಿಸುತ್ತಾರೆ.

ಆ ಮನುಷ್ಯ ನಾನು.

ನಂಜನಗೂಡಿನಿಂದ ಹೊರಟಾಗ ನನ್ನ ಕಲ್ಪನೆ ಬೇರೆ ಇತ್ತು. ಎಣ್ಣೆಯ ಸಂಶೋಧನೆ ಎಂದರೆ ಹೆಲಿಕಾಪ್ಟರು, ಕಿತ್ತಳೆ ಬಣ್ಣದ ಉಡುಪು, ಹೆಲ್ಮೆಟ್, ಹಿನ್ನೆಲೆಯಲ್ಲಿ ಅಲೆ. ನಾರ್ವೆಗೆ ಬಂದು ನೋಡಿದರೆ ಕಿಟಕಿ ಇಲ್ಲದ ನೆಲಮಾಳಿಗೆಯ ಕೋಣೆ, ನನ್ನ ಪಾಲಿಗೆ ಏಳು ಸೆಂಟಿಮೀಟರ್ ಉದ್ದದ ಒಂದು ಬಿಳಿ ತುಂಡು. ಸಂದರ್ಶನದಲ್ಲಿ “ಕೈಕೆಲಸ ಬರುತ್ತದೆಯೇ?” ಎಂದು ಕೇಳಿದ್ದರು. ಬರುತ್ತದೆ ಎಂದಿದ್ದೆ. ನಾನು ರಿಪೇರಿ ಮಾಡಿದ ಮಿಕ್ಸಿ ನಮ್ಮ ಮನೆಯ ಅಟ್ಟದ ಮೇಲೆ ಇಂದಿಗೂ ಇದೆ. ಸಂದರ್ಶಕರು ಅಟ್ಟ ಹತ್ತಿ ನೋಡುವ ಪೈಕಿಯಲ್ಲ.

ಅಪ್ಪ ಪ್ರೈಮರಿ ಶಾಲೆಯ ಮೇಷ್ಟರಾಗಿ ನಿವೃತ್ತರಾದವರು. “ಏನು ಕೆಲಸವೋ ಅದು?” ಎಂದು ಫೋನಿನಲ್ಲಿ ಕೇಳಿದರು.

“ಸೀಮೆಸುಣ್ಣದ ಮೇಲೆ ಪಿಎಚ್‌ಡಿ, ಅಪ್ಪಾ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ನಾನು ಜೀವಮಾನವೆಲ್ಲ ಅದನ್ನೇ ಹಿಡಿದಿದ್ದೆನಲ್ಲೋ, ನನಗ್ಯಾರೂ ಕೊಡಲಿಲ್ಲ” ಎಂದರು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಹೊಸದಾಗಿ ಕಲಿತ ವಿದ್ಯೆ ಸುಮ್ಮನಿರಗೊಡಲಿಲ್ಲ. “ಶಾಲೆಯ ಸೀಮೆಸುಣ್ಣ ನಿಜವಾದ ಸೀಮೆಸುಣ್ಣ ಅಲ್ಲಪ್ಪಾ, ಅದು ಜಿಪ್ಸಂ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿರ್ತಾರೆ. ಬೇಕಾದರೆ ನಿಂಬೆರಸ ಹಾಕಿ ನೋಡಿ, ನೊರೆ ಬರಲ್ಲ. ನಿಜವಾದದ್ದಕ್ಕೆ ಬುಸ್ ಅಂತ ಬರುತ್ತೆ” ಎಂದುಬಿಟ್ಟೆ. ಒಬ್ಬ ನಿವೃತ್ತ ಮೇಷ್ಟರಿಗೆ, ಅವರು ಬರೆದದ್ದೆಲ್ಲ ನಕಲಿ ವಸ್ತುವಿನಲ್ಲಿ ಎಂದು ಸ್ವಂತ ಮಗ ಹೇಳುವುದು! ಎರಡು ದಿನ ಬಿಟ್ಟು ಅಮ್ಮನ ಫೋನು. “ಏನು ಹೇಳಿದೆಯೋ ನಿಮ್ಮಪ್ಪಂಗೆ? ಬೆಳಗಿಂದ ಮನೇಲಿರೋ ಬಿಳೀದಕ್ಕೆಲ್ಲ ನಿಂಬೆಹಣ್ಣು ಹಿಂಡ್ತಾ ಇದಾರೆ. ಗೋಡೆಗೂ ಹಿಂಡಾಯ್ತು. ನನ್ನ ರಂಗೋಲಿ ಡಬ್ಬ ಪೂರ್ತಿ ಹಾಳು.” ಹಿಂದಿನಿಂದ ಅಪ್ಪನ ಧ್ವನಿ: “ರಂಗೋಲಿ ಬುಸ್ ಅಂತು ಕಣೋ! ಅಸಲಿ ಮಾಲು ಇಟ್ಟುಕೊಂಡಿರೋದು ನಿಮ್ಮಮ್ಮ. ಕೊಡೋದಾದ್ರೆ ಪಿಎಚ್‌ಡಿ ಅವಳಿಗೇ ಕೊಡಬೇಕು.”

ನನ್ನ ಅಸಲಿ ಮಾಲು ಬರುತ್ತಿದ್ದದ್ದು ಬೆಲ್ಜಿಯಂನ ಲಿಯೇಜ್ ಊರಿನ ಹತ್ತಿರದ ಗಣಿಯಿಂದ. ಸಮುದ್ರದಡಿಯ ಕಲ್ಲು ಮೇಲೆ ತರಬೇಕಾದರೆ ಕೊರೆಯುವ ಖರ್ಚಿಗೆ ಮನೆ ಮಾರಬೇಕು. ಲಿಯೇಜ್ ಕಲ್ಲು ನೆಲದ ಮೇಲೇ ಸಿಗುತ್ತದೆ, ಗುಣದಲ್ಲೂ ಹತ್ತಿರದ ನೆಂಟ. ದೊಡ್ಡ ದಿಮ್ಮಿಯಿಂದ ಉರುಳೆ ಕೊರೆದು ತೆಗೆದು, ಲೇತ್‌ಗೆ ಹಾಕಿ ನಯ ಮಾಡಿ, ಎರಡು ತುದಿ ಸಮತಟ್ಟಾಗಿ ಕತ್ತರಿಸಬೇಕು. ಓದಲು ಸಲೀಸು. ನನ್ನ ಮೊದಲ ತುಂಡು ಲೇತ್ ಮೇಲೆ ಮುರಿಯಿತು. ಎರಡನೆಯದು ಲೇತ್‌ನಿಂದ ಕ್ಷೇಮವಾಗಿ ಇಳಿದು ನನ್ನ ಕೈಯಲ್ಲಿ ಮುರಿಯಿತು. ಇನ್ನೊಂದು ಎಲ್ಲ ಪರೀಕ್ಷೆಯನ್ನೂ ಪಾಸು ಮಾಡಿ ಮೇಜಿನ ಮೇಲೆ ಕೂತಿತ್ತು. ಧೂಳು ಹೋಗಲಿ ಎಂದು ನಲ್ಲಿಯ ಕೆಳಗೆ ಹಿಡಿದೆ. ನೀರು ಬಿದ್ದರೆ ಈ ಕಲ್ಲು ಮೆತ್ತಗಾಗುತ್ತದೆ ಎಂಬ ವಿಷಯದ ಮೇಲೆಯೇ ನಾನು ಸಂಶೋಧನೆಗೆ ಬಂದಿರುವುದು ಎಂಬುದು ಅದರ ಅರ್ಧ ಸಿಂಕಿನೊಳಗೆ ಹೋದ ಮೇಲೆ ನೆನಪಾಯಿತು.

ಲ್ಯಾಬಿನ ಹಿರಿಯ ತಂತ್ರಜ್ಞ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾರ್ವೆಯವರು ಬೈಯುವುದಿಲ್ಲ, ಅದೇ ಕಷ್ಟ. ನಮ್ಮ ಕಡೆಯಾದರೆ ಎರಡು ಮಾತು ಉಗಿದು, ಮೂರನೆಯ ಮಾತಿಗೆ ಟೀ ಕುಡಿಯಲು ಕರೆಯುತ್ತಿದ್ದರು. ಇವನು “ಹ್ಮ್” ಎಂದು ಹೇಳಿ ಹೊಸ ದಿಮ್ಮಿ ತರಲು ಹೋದ.

ಅಂತೂ ಒಂದು ತುಂಡು ಬದುಕಿ ಉಳಿಯಿತು. ಅದನ್ನು ಒಲೆಯಲ್ಲಿ ಒಣಗಿಸಿ, ತೂಗಿ, ಪ್ಲಾಸ್ಟಿಕ್ ತೋಳಿನೊಳಗೆ ತೂರಿಸಿ, ಹೀಟ್ ಗನ್ನಿನಿಂದ ಬಿಸಿಗಾಳಿ ಬಿಟ್ಟು ತೋಳು ಮೈಗೆ ಬಿಗಿಯುವ ಹಾಗೆ ಮಾಡಿ, ದಪ್ಪ ಉಕ್ಕಿನ ಕೋಶದೊಳಗೆ ಕೂರಿಸಬೇಕು. ಸುತ್ತ ಎಣ್ಣೆ ತುಂಬಿ ಒತ್ತಡ ಕೊಡಬೇಕು. ಒಂದು ಕಡೆಯಿಂದ ಉಪ್ಪುನೀರು ಒಳಕ್ಕೆ, ಇನ್ನೊಂದು ಕಡೆಯಿಂದ ಹೊರಕ್ಕೆ. ಹರಿಯುವ ವೇಗ ದಿನಕ್ಕೆ ಮೂವತ್ತು ಚಿಲ್ಲರೆ ಮಿಲಿಲೀಟರ್, ಅಂದರೆ ಅರ್ಧ ಲೋಟವೂ ಇಲ್ಲ. ಕಲ್ಲಿನ ಸಂದುಗಳಲ್ಲಿರುವ ನೀರು ದಿನಕ್ಕೊಮ್ಮೆ ಬದಲಾದರೆ ಸಾಕು ಎಂಬುದು ಲೆಕ್ಕ. ತುಂಡು ಎಷ್ಟು ಕುಗ್ಗಿತು ಎಂಬುದು ಮಿಲಿಮೀಟರಿನ ಸಣ್ಣ ಸಣ್ಣ ಭಾಗಗಳಲ್ಲಿ ಕಂಪ್ಯೂಟರಿನಲ್ಲಿ ಬರುತ್ತಿರುತ್ತದೆ. ಬರುತ್ತಲೇ ಇರುತ್ತದೆ. ನಾರ್ವೆಯ ಸಂಶೋಧಕರು ಲಿಯೇಜ್ ಕಲ್ಲಿನ ಒಂದೇ ತುಂಡಿಗೆ 1,072 ದಿನ ಬಿಡದೆ ನೀರು ಹರಿಸಿ 2015ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಹೆಚ್ಚುಕಡಿಮೆ ಮೂರು ವರ್ಷ. ಆ ಪ್ರಬಂಧವನ್ನು ಓದುವಾಗ ಎಲ್ಲರೂ ರೇಖಾಚಿತ್ರ ನೋಡುತ್ತಾರೆ. ನಾನು ಮಾತ್ರ, ಅಷ್ಟು ದಿನದಲ್ಲಿ ಅಲ್ಲಿ ಕರೆಂಟು ಹೋಗಲಿಲ್ಲವೇ, ಯಾರಿಗೂ ಜ್ವರ ಬರಲಿಲ್ಲವೇ, ನಾದಿನಿಯ ಮದುವೆ ಇರಲಿಲ್ಲವೇ ಎಂದು ಯೋಚಿಸುತ್ತೇನೆ.

ಪ್ರಯೋಗ ಶುರುವಾದ ಮೇಲೆ ನನ್ನ ಫೋನು ನನ್ನದಾಗಿ ಉಳಿಯಲಿಲ್ಲ. ಒತ್ತಡ ಗೆರೆ ದಾಟಿದರೆ, ಪಂಪು ನಿಂತರೆ, ಬಿಸಿ ಇಳಿದರೆ ಅದಕ್ಕೆ ಸಂದೇಶ ಬರುತ್ತದೆ, ಕೀಚಲು ಧ್ವನಿಯಲ್ಲಿ. ಬರುವುದು ರಾತ್ರಿಯೇ. ಹೆಂಡತಿ ಧಾರವಾಡದವಳು. ಮೊದಮೊದಲು ಗಾಬರಿಯಾಗಿ ಎದ್ದು ಕೂರುತ್ತಿದ್ದಳು. ಆಮೇಲೆ ಮಗ್ಗಲು ಬದಲಿಸುತ್ತ, “ಏನ್ರಿ, ನಿಮ್ಮ ಕಲ್ಲು ಮತ್ತ ಅಳಾಕತ್ತೇತಿ, ಹೋಗಿ ನೋಡ್ರಿ” ಎನ್ನತೊಡಗಿದಳು. ಹೊರಗೆ ಅಡ್ಡಮಳೆ. ಈ ಕರಾವಳಿಯಲ್ಲಿ ಕೊಡೆಗೆ ಬೆಲೆಯಿಲ್ಲ, ಗಾಳಿ ಅದನ್ನು ಕಸಿದುಕೊಂಡು ಹೋಗುತ್ತದೆ. ಸೈಕಲ್ ತುಳಿದುಕೊಂಡು ಹೋಗಿ ನೋಡಿದರೆ ಕಲ್ಲು ಆರಾಮಾಗಿರುತ್ತಿತ್ತು. 130 ಡಿಗ್ರಿ ಬೆಚ್ಚಗೆ, ಸುತ್ತ ಎಣ್ಣೆ, ಒಳಗೆ ಹದವಾದ ಉಪ್ಪುನೀರು. ತೊಟ್ಟಿಕ್ಕುತ್ತ ನಿಂತಿರುತ್ತಿದ್ದದ್ದು ನಾನು.

ಗಣೇಶ ಹಬ್ಬಕ್ಕೆ ಇಲ್ಲಿಯ ನಾಲ್ಕಾರು ಕನ್ನಡ ಮನೆಯವರು ಒಬ್ಬರ ಮನೆಯಲ್ಲಿ ಸೇರಿದ್ದೆವು. ಕೋಸಂಬರಿ ಬಡಿಸುವ ಕೆಲಸ ನನ್ನದು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಜೇಬಿನಲ್ಲಿ ಕೀಚಲು. ನೋಡಿದೆ. ಮುಖ ಇಳಿದಿರಬೇಕು, ಮನೆಯೊಡತಿ ಏನಾಯಿತು ಎಂದು ಕೇಳಿದರು.

“ಪ್ರೆಶರ್ ಲೋ ಆಗಿದೆ ಆಂಟಿ, ಈಗಲೇ ಹೊರಡಬೇಕು.”

“ಅಯ್ಯೋ, ಹೊರಡೋದೇನು, ಮೊದಲು ಕೂತ್ಕೊಳ್ಳಪ್ಪ!” ಎಂದು ಪಾತ್ರೆ ಕಸಿದುಕೊಂಡು ಸೋಫಾದ ಮೇಲೆ ತಳ್ಳಿದರು. ಯಾರೋ ಕಾಲ ಕೆಳಗೆ ದಿಂಬು ಇಟ್ಟರು. ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಬಂತು. ಊಟಕ್ಕೆ ಕೂತಿದ್ದವರಲ್ಲಿ ಒಬ್ಬರು ಡಾಕ್ಟರು, ಎಡಗೈಯಿಂದ ನನ್ನ ನಾಡಿ ಹಿಡಿದರು. “ನಂದಲ್ಲ, ಕಲ್ಲಿನ ಪ್ರೆಶರ್ರು” ಎಂದು ನಾನು ಹೇಳುತ್ತಿದ್ದರೆ, “ಕಿಡ್ನಿ ಸ್ಟೋನೂ ಇದೆಯಂತೆ ಪಾಪ” ಎಂದು ಆ ಮೂಲೆಯಿಂದ ಕೇಳಿಸಿತು. ಬಿಡಿಸಿಕೊಂಡು ಲ್ಯಾಬು ಸೇರುವ ಹೊತ್ತಿಗೆ ನಟ್ಟಿನ ಬಳಿ ನೀರು ಒಸರಿ, ಆರಿ, ಬಿಳಿ ಉಪ್ಪು ಕಟ್ಟಿತ್ತು. ಸ್ಪ್ಯಾನರಿನ ಕಾಲು ಸುತ್ತಿನ ಕೆಲಸ. ಹೋಳಿಗೆ ತಪ್ಪಿಹೋಯಿತು.

ಇಷ್ಟೆಲ್ಲ ಆದರೂ ಇವು ಕಷ್ಟಗಳ ಲೆಕ್ಕಕ್ಕೆ ಸೇರುತ್ತವೆಯೇ ಹೊರತು ಸಾಹಸದ ಲೆಕ್ಕಕ್ಕಲ್ಲ. ಸಾಹಸ ಶುರುವಾದದ್ದು ನಾನು ಒಂದು ಮಹಾ ಸಂಗತಿಯನ್ನು ಕಂಡುಹಿಡಿದ ಮೇಲೆ.

ನಾನು ಹರಿಸುತ್ತಿದ್ದದ್ದು ಮ್ಯಾಗ್ನೀಸಿಯಂ ಕ್ಲೋರೈಡಿನ ನೀರು, ಲೀಟರಿಗೆ 0.219 ಮೋಲ್. ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ರಮಾಣ ಅದು. ಹೊರಬಂದ ನೀರನ್ನು ಸಣ್ಣ ಸೀಸೆಗಳಲ್ಲಿ ಹಿಡಿದು ಅದರಲ್ಲಿ ಎಷ್ಟು ಮ್ಯಾಗ್ನೀಸಿಯಂ ಉಳಿದಿದೆ, ಎಷ್ಟು ಕ್ಯಾಲ್ಸಿಯಂ ಬಂದಿದೆ ಎಂದು ಅಳೆಯುತ್ತೇವೆ. ಹೋದದ್ದರಲ್ಲಿ ಬಂದದ್ದು ಕಳೆದರೆ ಕಲ್ಲು ನುಂಗಿದ್ದು ಸಿಗುತ್ತದೆ. ನನ್ನ ಲೆಕ್ಕದಲ್ಲಿ ಕಲ್ಲು ಅರ್ಧಕ್ಕೂ ಹೆಚ್ಚು ಮ್ಯಾಗ್ನೀಸಿಯಂ ನುಂಗುತ್ತಿತ್ತು! ದಿನವೂ! ಇಂಥ ಹೊಟ್ಟೆಬಾಕ ಕಲ್ಲನ್ನು ಯಾರೂ ವರದಿ ಮಾಡಿರಲಿಲ್ಲ. ಅದರ ಮೇಲೆ ಇನ್ನೊಂದು ವಿಚಿತ್ರ. ಇಷ್ಟು ತಿಂದ ಕಲ್ಲು ಉಳಿದವರ ಕಲ್ಲುಗಳಿಗಿಂತ ಬೇಗ ಕುಗ್ಗಬೇಕು. ನನ್ನದು ಅವೆಲ್ಲಕ್ಕಿಂತ ನಿಧಾನವಾಗಿ ಕುಗ್ಗುತ್ತಿತ್ತು. ನುಂಗಿದಷ್ಟಕ್ಕೆ ಸಮನಾಗಿ ಕ್ಯಾಲ್ಸಿಯಂ ಹೊರಗೆ ಬರಬೇಕು, ಅದೂ ಇಲ್ಲ. ಸಾಧಾರಣ ಬುದ್ಧಿಯವನಾಗಿದ್ದರೆ ಇಲ್ಲಿ ಅನುಮಾನ ಬರುತ್ತಿತ್ತು. ನನಗೆ ಸಿದ್ಧಾಂತ ಬಂತು.

ಕಲ್ಲು ಮ್ಯಾಗ್ನೀಸಿಯಂ ಅನ್ನು ಒಳಗೆ ಅಡಗಿಸಿಟ್ಟುಕೊಂಡು ಗಟ್ಟಿಯಾಗುತ್ತಿದೆ, ಕ್ಯಾಲ್ಸಿಯಂ ಹೊರಡಲು ಮೀನಮೇಷ ಎಣಿಸುತ್ತಿದೆ, ಸಮಯ ಬಂದಾಗ ಒಟ್ಟಿಗೇ ಹೊರಡುತ್ತದೆ. ಇದು ನನ್ನ ಸಿದ್ಧಾಂತ. ಎಕೋಫಿಸ್ಕ್‌ನ ಮೇಲೆ ಇದರ ಪರಿಣಾಮಗಳನ್ನು ಯೋಚಿಸಿ ರಾತ್ರಿ ನಿದ್ದೆ ಬರಲಿಲ್ಲ. ಸಮುದ್ರದ ನೀರಿಗೆ ಏನಾದರೂ ಬೆರೆಸಿ ಕುಸಿತವನ್ನೇ ನಿಲ್ಲಿಸಿದರೆ? ಈ ವಿದ್ಯಮಾನಕ್ಕೆ ಮುಂದೆ ಯಾರಾದರೂ ನನ್ನ ಹೆಸರಿಟ್ಟರೆ ಬೇಡ ಎನ್ನುವುದು ಸೌಜನ್ಯವೋ ಅಹಂಕಾರವೋ ಎಂಬ ಜಿಜ್ಞಾಸೆಯೂ ನಡೆಯಿತು. ಅಪ್ಪನಿಗೆ ಫೋನು ಮಾಡಿ ದೊಡ್ಡದೊಂದು ಸಿಕ್ಕಿದೆ ಎಂದೆ. ಅವರು ಸಂಜೆ ದೇವಸ್ಥಾನದ ಕಟ್ಟೆಯಲ್ಲಿ ಅದನ್ನು ಹಂಚಿದರು. ಮರುದಿನದ ಹೊತ್ತಿಗೆ ನಂಜನಗೂಡಿನ ಅರ್ಧದಲ್ಲಿ, ಮೇಷ್ಟರ ಮಗನಿಗೆ ಸಮುದ್ರದಲ್ಲಿ ಎಣ್ಣೆ ಸಿಕ್ಕಿದೆ ಎಂದಾಗಿತ್ತು.

ಗುಂಪಿನ ಸಭೆಯಲ್ಲಿ ಮಂಡಿಸಿದೆ. ಸ್ಲೈಡುಗಳು ಸಾಲದೇ ಹೋದಾವು ಎಂದು ಎರಡು ಪಟ್ಟು ಮಾಡಿಕೊಂಡಿದ್ದೆ. ಬಾಣದ ಗುರುತುಗಳು, ಬಣ್ಣಗಳು, ಕೊನೆಯಲ್ಲಿ ಸಮುದ್ರದ ಮಧ್ಯೆ ಸೂರ್ಯಾಸ್ತದಲ್ಲಿ ನಿಂತ ಅಟ್ಟಣೆಯ ಚಿತ್ರ. ಗೈಡು ಗಡ್ಡ ಕೆರೆದುಕೊಂಡು ಕಾಗದದ ಮೇಲೆ ಏನೋ ಲೆಕ್ಕ ಹಾಕುತ್ತಿದ್ದರು. ಬೆರಗಾಗಿದ್ದಾರೆ ಎಂದುಕೊಂಡೆ. ಆಮೇಲೆ ತಿಳಿದದ್ದು, ಕ್ಯಾಲ್ಸಿಯಂ ಬಿಡದೆ ಕಲ್ಲು ಮ್ಯಾಗ್ನೀಸಿಯಂ ನುಂಗುತ್ತ ಹೋದರೆ ಹೊರಬರುವ ನೀರಿನಲ್ಲಿ ಧನ ಋಣ ಸರಿತೂಗುವುದಿಲ್ಲ, ಅಂಥ ನೀರು ಈ ಲೋಕದಲ್ಲಿ ಇರಲಾರದು ಎಂದು ಅವರು ಬರೆದುಕೊಳ್ಳುತ್ತಿದ್ದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ತಂತ್ರಜ್ಞ ಕೈಯೆತ್ತಿದ. ಸಭೆಯಲ್ಲಿ ಅವನು ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲವಂತೆ.

“ಒಳಗೆ ಹೋಗುವ ನೀರನ್ನು ಅಳೆದಿದ್ದೀಯಾ?”

“ಅದು 0.219, ಗೊತ್ತಿರುವುದೇ.”

“ಯಾರಿಗೆ ಗೊತ್ತು?”

“ನಾನೇ ಮಾಡಿದ್ದು.”

“ಹ್ಮ್” ಎಂದ. ಎದ್ದು ಹೋಗಿ ಲ್ಯಾಬಿನಿಂದ ಮ್ಯಾಗ್ನೀಸಿಯಂ ಕ್ಲೋರೈಡಿನ ಡಬ್ಬ ತಂದು ಮೇಜಿನ ಮೇಲೆ, ಲೇಬಲ್ಲು ನನ್ನ ಕಡೆ ಬರುವ ಹಾಗೆ ಇಟ್ಟ.

ಈ ಉಪ್ಪು ಒಂಟಿಯಾಗಿ ಇರುವುದಿಲ್ಲ. ಡಬ್ಬದಲ್ಲಿರುವ ಹರಳಿನ ಒಂದೊಂದು ಅಣುವಿನ ಜೊತೆಗೂ ಆರು ನೀರಿನ ಅಣುಗಳು ಸೇರಿರುತ್ತವೆ. ಉಪ್ಪಿನ ಸ್ವಂತ ತೂಕ ಮೋಲಿಗೆ ಸುಮಾರು 95 ಗ್ರಾಂ, ನೀರಿನ ಪರಿವಾರ ಸೇರಿದರೆ 203. ಅಂದರೆ ಲೀಟರಿಗೆ 44.5 ಗ್ರಾಂ ತೂಗಬೇಕಿತ್ತು. ನಾನು ಪುಸ್ತಕದ 95ನ್ನು ನಂಬಿ ಸುಮಾರು 21 ಗ್ರಾಂ ತೂಗಿದ್ದೆ, ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ಅಚ್ಚುಕಟ್ಟಾಗಿ, ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು. ಕಲ್ಲು ಅರ್ಧ ಮ್ಯಾಗ್ನೀಸಿಯಂ ನುಂಗಲಿಲ್ಲ, ಪಾಪ. ಅದಕ್ಕೆ ಬಡಿಸಿದ್ದೇ ಅರ್ಧ. ಹಾಗಾಗಿಯೇ ಅದು ನಿಧಾನಕ್ಕೆ ಕುಗ್ಗುತ್ತಿತ್ತು. ಕ್ಯಾಲ್ಸಿಯಂ ಕೂಡ ತನ್ನ ಪಾಲಿಗೆ ಬಂದಷ್ಟು ಹೊರಟಿತ್ತು, ಒಂದು ಕಣವೂ ಸಾಲ ಉಳಿಸಿಕೊಳ್ಳದೆ. ನೆಲಮಾಳಿಗೆಯಲ್ಲಿ ಲೆಕ್ಕ ಸರಿಯಾಗಿ ಇಟ್ಟಿದ್ದದ್ದು ಅದೊಂದೇ.

ಸಭೆಯಲ್ಲಿ ಯಾರೂ ನಗಲಿಲ್ಲ. ಪ್ರೊಜೆಕ್ಟರಿನಲ್ಲಿ ಸೂರ್ಯಾಸ್ತ ಹಾಗೇ ಇತ್ತು. ಒಬ್ಬಳು ಎದ್ದು ಎಲ್ಲರಿಗೂ ಕಾಫಿ ಬಗ್ಗಿಸಿದಳು. ಗೈಡು ತುಂಬ ಯೋಚಿಸಿ, “ಇಷ್ಟು ತೆಳು ನೀರಿನಲ್ಲಿ ಇಷ್ಟು ಕಾಲ ಯಾರೂ ಮಾಡಿರಲಿಕ್ಕಿಲ್ಲ. ಹೇಗೂ ನಡೀತಿದೆ, ನಿಲ್ಲಿಸಬೇಡ” ಎಂದರು. ಅದು ಸಮಾಧಾನವೋ ಶಿಕ್ಷೆಯೋ ಅವರ ಮುಖ ನೋಡಿ ಹೇಳುವ ಹಾಗಿರಲಿಲ್ಲ. ಮಾರನೆಯ ದಿನ ಡಬ್ಬದ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 203 ಎಂದು ಬರೆದಿತ್ತು. ಇಡೀ ಲ್ಯಾಬಿನಲ್ಲಿ ಆ ಮಾಹಿತಿ ಬೇಕಾಗಿದ್ದವನು ನಾನೊಬ್ಬನೇ ಆದ್ದರಿಂದ ನನ್ನ ಹೆಸರು ಬರೆಯುವ ಅಗತ್ಯ ಬರೆದವರಿಗೆ ಕಂಡಿರಲಿಲ್ಲ.

ಕೆಲವು ತಿಂಗಳ ಬಳಿಕ ಕೋಶ ಬಿಚ್ಚಿ, ತುಂಡನ್ನು ಶುದ್ಧ ನೀರಿನಲ್ಲಿ ತೊಳೆದು, ಒಣಗಿಸಿ, ಬಿಲ್ಲೆಗಳಾಗಿ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕೊಟ್ಟೆವು. ನೀರು ಒಳಗೆ ಹೊಕ್ಕ ತುದಿಯಲ್ಲಿ, ಪಾಚಿಗಳ ದುಂಡನೆಯ ಕವಚಗಳ ನಡುವೆ, ಹರಿತ ಅಂಚಿನ ಪುಟ್ಟ ಹರಳುಗಳು ಕೂತಿದ್ದವು. ಮ್ಯಾಗ್ನೆಸೈಟ್! ನಾನು ಬೆಳೆದದ್ದು! ಹೊರಹೋಗುವ ತುದಿಯಲ್ಲಿ ಕವಚಗಳು ಹೆಚ್ಚುಕಡಿಮೆ ಹಾಗೇ ಇದ್ದವು, ಕೋಟ್ಯಂತರ ವರ್ಷದಿಂದ ಏನೂ ಆಗದವರ ಹಾಗೆ. ಚಿತ್ರವನ್ನು ಅಪ್ಪನಿಗೆ ಕಳಿಸಿ, ಫೋನು ಮಾಡಿ, ಕ್ಯಾಲ್ಸೈಟ್ ಕರಗಿ ಮ್ಯಾಗ್ನೆಸೈಟ್ ಆಗುವ ಕಥೆಯನ್ನು ಪೂರ್ತಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

“ಮ್ಯಾಗ್ನೆಸೈಟು ಅಂದ್ರೆ ನಮ್ಮ ದೊಡ್ಡಕನ್ಯದ ಗಣೀಲಿ ಅಗೀತಿದ್ರಲ್ಲ, ಕಡಕೊಳದ ಹತ್ತಿರ, ಅದೇನಾ?”

“ಅದೇ ಅಪ್ಪಾ.”

“ಒಟ್ಟು ಎಷ್ಟಾಯ್ತು ನಿಂದು?”

“ಒಂದೈದಾರು ಗ್ರಾಂ ಇರಬಹುದು.”

“ಹೂಂ” ಎಂದರು. ಅಮ್ಮನ ಕಡೆ ತಿರುಗಿ ಏನೋ ಗುಸುಗುಸು ಮಾಡಿದರು. ಮತ್ತೆ ಫೋನು ಹಿಡಿದು, ಧ್ವನಿ ತಗ್ಗಿಸಿ, “ನೋಡು, ನಿಮ್ಮ ಗೈಡಿಗೆ ಈಗಲೇ ಏನೂ ಹೇಳಬೇಡ. ನಮ್ಮ ಹಳೇ ಶಿಷ್ಯ ಒಬ್ಬ ಲಾರಿ ಇಟ್ಟಿದಾನೆ. ಬಾಡಿಗೆ ನಾನು ಕೊಡ್ತೀನಿ. ಮಂಗಳೂರು ಬಂದರಿನವರೆಗೆ ಒಂದು ಲೋಡು ಕಳಿಸಲಾ?”